ಒಂದು ತಂಬಿಗೆ ನೀರು

ಹವಾಲ್ದಾರರ ಕಣ್ಣು ಸದಾ ಕೆಂಪಗಿರುತ್ತಿದ್ದವು. ನಿದ್ದೆಗೆಟ್ಟವರ ಕೆಂಪಲ್ಲ, ಕುಡಿದವರ ಕೆಂಪಂತೂ ಅಲ್ಲವೇ ಅಲ್ಲ. ರೆಪ್ಪೆಯ ಅಂಚಿನಲ್ಲಿ ಯಾವಾಗಲೂ ಒಂದು ಹನಿ ನೀರು ನಿಂತಿರುತ್ತಿತ್ತು, ಇದೀಗ ಬಿದ್ದೀತು ಅನ್ನುವ ಹಾಗೆ. ಖಾಕಿ ಪ್ಯಾಂಟಿನ ಜೇಬಿನಲ್ಲಿ ನೀಲಿ ಚೌಕಳಿಯ ದೊಡ್ಡ ಕರವಸ್ತ್ರ. ಮಾತು ಶುರುಮಾಡುವ ಮೊದಲು ಒಮ್ಮೆ, ಮುಗಿಸಿದ ಮೇಲೆ ಒಮ್ಮೆ ಅದರಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಸದಾಗಿ ನೋಡಿದವರಿಗೆ, ಪಾಪ, ಈ ಪೊಲೀಸಪ್ಪನ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಅನ್ನಿಸುತ್ತಿತ್ತು.

ಸಂಗತಿ ಇಷ್ಟೇ: ಅವರಿಗೆ ಮೆಣಸಿನಕಾಯಿ ಘಾಟು ಆಗಿಬರುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಗಳಗನಾಥದ ಕಡೆ, ಹೊಳೆಯ ದಂಡೆಯಲ್ಲಿ. ನೌಕರಿ ಸಿಕ್ಕಿದ್ದು ಬ್ಯಾಡಗಿಯ ಸೀಮೆಯಲ್ಲಿ. ಇಲ್ಲಿ ಸುಗ್ಗಿ ಬಂತೆಂದರೆ ಅಂಗಳ, ಮಾಳಿಗೆ, ಗುಡಿಯ ಪಡಸಾಲೆ ಎಲ್ಲ ಕಡೆ ಕೆಂಪು ಕಾಯಿ ಹಾಸಿರುತ್ತದೆ. ಗಾಳಿ ಬೀಸಿದರೆ ಸಾಕು, ಹವಾಲ್ದಾರರು ಸೀನಲು ಶುರು. ನಾನು ಸುಮ್ಮನಿರುವವಳಲ್ಲ. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೇತ್ರಿ, ಖಾರಕ್ಕಲ್ಲ. ನಮ್ಮ ಸಣ್ಣ ಹುಡುಗ್ರು ಅದರಾಗ ಉರುಳಾಡ್ತಾವ. ನೀವು ನೋಡಿದ್ರ ಹೀಂಗ" ಎಂದು ಕಾಡಿಸಿದರೆ, ಕಣ್ಣು ಒರೆಸಿಕೊಳ್ಳುತ್ತ, "ಬಣ್ಣ ನಿಮ್ಮ ಪಾಲಿಗೆ ಬಂತು, ಖಾರ ನನ್ನ ಪಾಲಿಗೆ ಬಂತು ತಂಗಿ. ಹಂಚಿದಾವಗ ಕೇಳಬೇಕು" ಅನ್ನುತ್ತಿದ್ದರು.

ನಮ್ಮೂರು ಬ್ಯಾಡಗಿಯಿಂದ ಕದರಮಂಡಲಗಿಯ ಕಡೆ ಹೋಗುವಾಗ ಡಾಂಬರು ರಸ್ತೆಯ ಮಗ್ಗುಲಿಗೇ ಇದೆ. ನಮ್ಮದೂ ಸುತ್ತಲಿನ ಕೆಲವು ಹಳ್ಳಿಗಳೂ ಸೇರಿ ಅವರ ಬೀಟು. ಅಂದರೆ ಈ ಊರುಗಳ ಒಳಿತು ಕೆಡುಕು ನೋಡಿಕೊಳ್ಳುವುದು, ಊರಿನವರಲ್ಲೇ ಕೆಲವರನ್ನು ಸದಸ್ಯರನ್ನಾಗಿ ಮಾಡಿಕೊಂಡು ತಿಂಗಳಿಗೊಮ್ಮೆ ಕೂಡಿಸಿ ಮಾತಾಡುವುದು, ಜಗಳ ಠಾಣೆಯ ಮೆಟ್ಟಿಲು ಹತ್ತುವ ಮುಂಚೆಯೇ ಅದರ ವಾಸನೆ ಹಿಡಿಯುವುದು. ಕಾಗದದಲ್ಲಿ ಅವರ ಹುದ್ದೆಗೆ ಬೇರೇನೋ ಇಂಗ್ಲಿಷ್ ಹೆಸರಿತ್ತು. ನಮಗೆ ಅವರು ಹವಾಲ್ದಾರರು, ಅಷ್ಟೇ.

ನಾನು ಅವರನ್ನು ಮೊದಲು ಕಂಡದ್ದು ಹೇಗೆ ಎಂದು ಹೇಳದೆ ಮುಂದೆ ಹೋಗಲಾರೆ. ನನ್ನ ಗಂಡ ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮೊಂದರಲ್ಲಿ ಕೆಲಸಕ್ಕಿದ್ದರು. ದಿನಾ ಬೈಕಿನ ಮೇಲೆ ಹೋಗಿಬರುವುದು. ಸಂಕ್ರಾಂತಿ ಹತ್ತಿರ ಬಂದಿತ್ತು. ಅಂಗಳದ ತುಂಬ ನಮ್ಮದೂ ಮೆಣಸಿನಕಾಯಿ ಒಣಗಲು ಬಿದ್ದಿತ್ತು. ಹೊತ್ತು ಮುಳುಗಿ ಇಬ್ಬನಿ ಬೀಳುವುದರೊಳಗೆ ಅದನ್ನು ಬಳಿದು ಗುಂಪಿ ಹಾಕುತ್ತಿದ್ದೆ. ಒಬ್ಬರು ಪೊಲೀಸರು ಬೈಕನ್ನು ದೂರದಲ್ಲೇ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದುಕೊಂಡು ನಡೆದು ಬಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಘಾಟು ಹೊಡೆದಿರಬೇಕು ಅಂದುಕೊಂಡೆ. "ತಂಗಿ, ಒಂದ್ ತಂಬಿಗಿ ನೀರು ಕೊಡ್ರಿ" ಅಂದರು.

ಒಳಗಿನಿಂದ ತಂದು ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. "ಮೊದಲ ನೀವು ಕುಂದ್ರಿ. ನೀವು ಕುಡೀರಿ" ಅಂದರು.

"ನೀರಡಿಕಿ ಆಗಿದ್ದು ನಿಮಗೋ ನನಗೋ?" ಎಂದು ಕೇಳಿಯೇ ಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೇ.

"ಕುಡೀರಿ ತಂಗಿ. ಇದೊಂದು ನನ್ನ ಮಾತು ನಡಸ್ರಿ."

ಆ ದನಿಯಲ್ಲಿ ಏನಿತ್ತೋ, ಕಟ್ಟೆಯ ಮೇಲೆ ಕೂತು ಕುಡಿದೆ. ಅವರು ನನ್ನೆದುರು ನೆಲದ ಮೇಲೆ, ಮೆಣಸಿನಕಾಯಿಯ ಪಕ್ಕದಲ್ಲೇ, ಚಕ್ಕಳಮಕ್ಕಳ ಹಾಕಿ ಕೂತರು. ಆಮೇಲೆ ಹೇಳಿದರು. ನನ್ನ ಗಂಡ ಇನ್ನು ಬರುವುದಿಲ್ಲ ಎಂದು ಹೇಳಲು ಎಷ್ಟು ಮಾತು ಬೇಕೋ ಅಷ್ಟೇ ಆಡಿದರು, ಒಂದೂ ಹೆಚ್ಚಿಗೆ ಆಡಲಿಲ್ಲ. ನಾನು ಚೀರಿದೆನಂತೆ. ನನಗೆ ನೆನಪಿಲ್ಲ. ಅಕ್ಕಪಕ್ಕದ ಹೆಂಗಸರು ಓಡಿಬರುವವರೆಗೂ ಅವರು ಎದ್ದಿರಲಿಲ್ಲ, ಅದು ಮಾತ್ರ ನೆನಪಿದೆ.

ನಮ್ಮ ಕಡೆ ರಸ್ತೆಯೇ ಕಣ. ಹುರುಳಿ, ಗೋವಿನಜೋಳ, ತೊಗರಿ, ಕೈಗೆ ಬಂದ ಬೆಳೆಯನ್ನೆಲ್ಲ ತಂದು ಡಾಂಬರಿನ ಮೇಲೆ ಹರವುತ್ತಾರೆ. ಒಣಗುವುದೂ ಆಯಿತು, ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಪುಕ್ಕಟೆ ರಾಶಿಯೂ, ಅಂದರೆ ಒಕ್ಕಣೆಯೂ ಆಯಿತು. ಕಾಳು ಚೆಲ್ಲಿಹೋಗಬಾರದೆಂದು, ಗಾಡಿಯವರು ಸರಿದು ಹೋಗಲೆಂದು ಸುತ್ತಲೂ ತಲೆಗಾತ್ರದ ಕಲ್ಲುಗಳ ಸಾಲು ಇಡುತ್ತಾರೆ. ಅವತ್ತು ಯಾರೋ ಹುರುಳಿ ರಾಶಿ ಮುಗಿಸಿ ಕಾಳು ತುಂಬಿಕೊಂಡು ಹೋದವರು ಕಲ್ಲುಗಳನ್ನು ಅಲ್ಲೇ ಬಿಟ್ಟಿದ್ದರು. ಮುಸ್ಸಂಜೆಯಲ್ಲಿ ಡಾಂಬರು ಯಾವುದು ಕಲ್ಲು ಯಾವುದು? ನನ್ನ ಗಂಡನ ಬೈಕು ಅದಕ್ಕೇ ತಗುಲಿತು. ಪೊಲೀಸರು ಬರುವ ಹೊತ್ತಿಗೆ ರಸ್ತೆಯ ಮೇಲೆ ಹುರುಳಿಯ ಹೊಟ್ಟು ಮಾತ್ರ ಇತ್ತು, ಕಲ್ಲು ಒಂದೂ ಇರಲಿಲ್ಲ. ಯಾರೋ ಎತ್ತಿ ಬಿಸಾಡಿದ್ದರು.

ಹವಾಲ್ದಾರರು ಊರಲ್ಲಿ ಮನೆಮನೆ ತಿರುಗಿ ಕೇಳಿದರು, ಕಲ್ಲು ಯಾರವು? ಒಬ್ಬರೂ ಬಾಯಿ ಬಿಡಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಗೊತ್ತಿರದೆ ಏನು? ಯಾರು ಎಲ್ಲಿ ಹರವಿದ್ದಾರೆ ಅನ್ನುವುದು ನಮ್ಮೂರಲ್ಲಿ ಕೂಸಿಗೂ ಗೊತ್ತಿರುತ್ತದೆ. ನನ್ನ ಮನೆಗೆ ಬಂದು ಅತ್ತವರು, ರೊಟ್ಟಿ ಮಾಡಿ ತಂದು ಬಾಯಿಗಿಟ್ಟು ಉಣಿಸಿದವರು, ಅವರೂ ಹೇಳಲಿಲ್ಲ. ಬಾವಿಯ ಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಹೋದರೂ ಎದುರು ನಿಂತ ಮುಖ ನೋಡಿ, ನಿನ್ನವೇನು ಆ ಕಲ್ಲು ಎಂದು ಒಳಗೇ ಕೇಳಿಕೊಳ್ಳುತ್ತ ನಾನು ಬದುಕಬೇಕಾಯಿತು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ.

"ಮಂದಿ ಕೆಟ್ಟವರಲ್ಲ ತಂಗಿ, ಅಂಜಾಕತ್ತಾರ" ಎಂದರು ಹವಾಲ್ದಾರರು, ಕಾರ್ಯಗಳೆಲ್ಲ ಮುಗಿದ ಮೇಲೆ ಬಂದವರು. "ನಮಗ ಅಂಜತಾರ, ಒಬ್ರಿಗೊಬ್ರು ಅಂಜತಾರ. ಈ ಅಂಜಿಕಿ ಹೋಗೂತನಕ ನಾ ಎಷ್ಟು ಸಲ ಗಾಡಿ ತಿರುಗಿಸಿದ್ರೂ ಅಷ್ಟ." ಪಂಚಾಯಿತಿಯ ಗ್ರಂಥಾಲಯಕ್ಕೆ ಒಬ್ಬರು ಬೇಕಾಗಿದ್ದಾರೆ, ನೀವು ಓದಿದವರು, ಅರ್ಜಿ ಹಾಕಿ ಎಂದು ಹೇಳಿದವರೂ ಅವರೇ. ನಾನು ಒಲ್ಲೆ ಅಂದೆ. ಮರುವಾರ ಬಂದು ಅದೇ ಹೇಳಿದರು. ಮತ್ತೂ ಒಲ್ಲೆ ಅಂದೆ. ಅದರ ಮರುವಾರವೂ ಬಂದರು. ಕಾಟ ತಡೆಯಲಾರದೆ ಅರ್ಜಿ ಹಾಕಿದೆ. ಆ ಕೆಲಸವೇ ಇವತ್ತಿನವರೆಗೆ ನನ್ನನ್ನೂ ನನ್ನ ಮಗಳನ್ನೂ ಸಾಕಿದೆ.

ನೀರಿನ ವಿಷಯ ನಾನು ಕೇಳಿದ್ದು ಬಹಳ ದಿನಗಳ ಮೇಲೆ. ಗ್ರಂಥಾಲಯದಲ್ಲಿ ಪೇಪರು ಓದುತ್ತ ಕೂತಿದ್ದರು. ಅವತ್ತು ಯಾಕೆ ನನಗೆ ನೀರು ಕುಡಿಸಿದಿರಿ ಎಂದೆ. ಪೇಪರು ಮಡಿಚಿಟ್ಟು ಕಣ್ಣು ಒರೆಸಿಕೊಂಡರು. "ನೌಕರಿಗೆ ಹೊಸದಾಗಿ ಸೇರಿದಾಗ ಒಬ್ಬಾಕಿ ತಾಯಿಗೆ ಬಾಗಿಲದಾಗ ನಿಂತು ಮಗ ಹೋದ ಸುದ್ದಿ ಒಮ್ಮಿಗೆಲೇ ಹೇಳಿಬಿಟ್ಟಿದ್ದೆ. ಆಮ್ಯಾಲ ಎಷ್ಟು ಮಂದಿ ಬಂದು ನೀರು ಕುಡಿಸಾಕ ಹೋದ್ರೂ ಒಂದು ಹನಿ ಒಳಗ ಇಳೀಲಿಲ್ಲ. ಗಂಟಲಾನ ಕಟ್ಟಿಬಿಡ್ತೈತಿ ನೋಡ್ರಿ. ಎರಡು ದಿನ ಆ ತಾಯಿ ಒಣಾ ಬಾಯಿಲೇ ಅತ್ತಳು. ಅವತ್ತಿಂದ ನಾ ಮೊದಲ ಕುಡಿಸ್ತೇನಿ, ಆಮ್ಯಾಲ ಹೇಳ್ತೇನಿ. ಬ್ಯಾರೆ ಏನೂ ಕೊಡಾಕ ಬರಂಗಿಲ್ಲಲ್ಲ ನನಗ."

ಫೋನಿನಲ್ಲಿ ಸಾವಿನ ಸುದ್ದಿ ಹೇಳುವುದು ಅವರಿಗೆ ಆಗುತ್ತಿರಲಿಲ್ಲ. ಹಾವೇರಿಯ ದೊಡ್ಡಾಸ್ಪತ್ರೆಯಿಂದ ಸುದ್ದಿ ಬಂದರೂ ಸರಿ, ಹೆದ್ದಾರಿಯಿಂದ ಬಂದರೂ ಸರಿ, ತಾವೇ ಆ ಮನೆಗೆ ಹೋಗುವರು. ತಂಬಿಗೆ ನೀರು ಕೇಳುವರು, ಕೂಡಿಸಿ ಕುಡಿಸುವರು, ಎದುರು ನೆಲಕ್ಕೆ ಕೂತು ಹೇಳುವರು.

ಇದು ಬೀಟಿನ ಹಳ್ಳಿಗಳಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು? ಹವಾಲ್ದಾರರು ಚಹಾ ಕೇಳಿದರೆ ಎಲ್ಲ ಚಂದ, ನೀರು ಕೇಳಿದರೆ ಮುಗಿಯಿತು ಎಂದು ಮಂದಿ ಆಡಿಕೊಳ್ಳತೊಡಗಿದರು. ಅವರ ಬೈಕಿನ ಸಪ್ಪಳ ಕೇಳಿದರೆ ಸಾಕು, ಹೆಂಗಸರು ಒಳಗಿನಿಂದಲೇ, "ಬರ್ರಿ ಸಾಹೇಬ್ರ, ಚಹಾ ಇಟ್ಟೇನಿ" ಎಂದು ಕೂಗುವರು. ಅವರು "ಹೂಂನವ್ವಾ, ಇಡು" ಅಂದಮೇಲೆಯೇ ಆ ಮನೆಯವರಿಗೆ ಉಸಿರು. ಪಾಪ, ಸುಡು ಬಿಸಿಲಲ್ಲಿ ನೀರಡಿಸಿ ಬಾಯಿ ಒಣಗಿದರೂ ಯಾರ ಮನೆಯಲ್ಲೂ ನೀರು ಕೇಳುವ ಹಾಗಿಲ್ಲ. ಬೈಕಿಗೆ ಒಂದು ಬಾಟಲಿ ಕಟ್ಟಿಕೊಂಡು ತಿರುಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬಾಟಲಿ ಮರೆತು ಬಂದು ಪೇಚಿಗೆ ಸಿಕ್ಕಿಕೊಂಡರು. ಊರ ಅಂಚಿನ ಮನೆಯಲ್ಲಿ ಒಬ್ಬ ಲಾರಿ ಡ್ರೈವರನ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ಇವರು ಎಚ್ಚರ ತಪ್ಪಿ, "ಯವ್ವಾ, ಒಂದೀಟು ನೀರು ಕೊಡಬೇ" ಅಂದರು. ಆ ಮುದುಕಿ ನೀರು ತರುವುದಿರಲಿ, ಎದೆ ಬಡಿದುಕೊಂಡು "ನನ್ನ ಮಗಾ ಹ್ವಾದನೋ" ಎಂದು ಓಣಿ ಕೂಡಿಸಿಬಿಟ್ಟಳು. ಇವರು ಗಾಬರಿಯಾಗಿ, "ಇಲ್ಲಬೇ, ಖರೇನ ನನಗ ನೀರಡಿಕಿ ಆಗೇತಿ" ಎಂದು ಆಣೆ ಮಾಡಿದರೂ ನಂಬುವವರಿಲ್ಲ. ಕೊನೆಗೆ ಆ ಮಗನಿಗೇ ಫೋನು ಹಚ್ಚಿ ಕೊಟ್ಟರು. ಮಗ ಎಲ್ಲೋ ಧಾಬಾದಲ್ಲಿ ಉಣ್ಣುತ್ತಿದ್ದವನು, ಏನವ್ವಾ ಎಂದಾಗಲೇ ಮುದುಕಿ ಸಮಾಧಾನಗೊಂಡಿದ್ದು. ಆಮೇಲೆ ಇವರನ್ನು ಹಿಡಿದು ಬೈದಳು ನೋಡಿ, ಆ ಬೈಗುಳ ನಾನು ಇಲ್ಲಿ ಬರೆಯುವ ಹಾಗಿಲ್ಲ. ಅವತ್ತಿನಿಂದ ಅವರು ಮಜ್ಜಿಗೆ ಕೇಳುವುದನ್ನು ಕಲಿತರು.

"ಮತ್ತ ನಿಮ್ಮ ಮನ್ಯಾಗ ಹೆಂಗ್ರಿ? ವೈನಿಯವರಿಗೆ ನೀರು ಕೇಳ್ತೀರೇನು?" ಎಂದು ಒಮ್ಮೆ ಅವರ ಹೆಂಡತಿಯ ಮಾತು ತೆಗೆದು ನಗುನಗುತ್ತ ಕೇಳಿದೆ.

ಅವರು ನಗಲಿಲ್ಲ. "ಇಲ್ಲ ತಂಗಿ. ಎಂದೂ ಕೇಳಿಲ್ಲ. ನಾನ ಹೋಗಿ ತುಂಬಕೊಂಡು ಕುಡೀತೇನಿ. ಆಕಿಗೆ ಎಲ್ಲಾ ಗೊತ್ತೈತಿ. ಸುಮ್ನ ಯಾಕ ಆಕಿ ಜೀವಾ ಹಾರಿಸೂದು?"

ಬೀಟಿನ ಸಭೆ ನನ್ನ ಗ್ರಂಥಾಲಯದಲ್ಲೇ ನಡೆಯುತ್ತಿತ್ತು. ಅವರು ಮೊದಲು ಪೇಪರಿನಲ್ಲಿ ಪೇಟೆಯ ದರ ನೋಡುವರು. "ದರ ಬಿತ್ತಂದ್ರ ಜಗಳ ಏಳ್ತಾವು. ಈ ವಾರ ಬದುವಿನ ತಕರಾರು ಬರ್ತಾವ ನೋಡ್ರಿ" ಎಂದರೆ ಬಂದೇ ಬರುತ್ತಿದ್ದವು. ಬೈಗುಳ, ಕಳವು, ಕುಡಿತ, ಗಂಡ ಹೆಂಡಿರ ಕದನ ಎಲ್ಲ ಮಾತಾಡಿ ಮುಗಿದ ಮೇಲೆ ಕೊನೆಯ ಮಾತು ಯಾವಾಗಲೂ ಒಂದೇ, ಕಲ್ಲು. "ಈ ರಸ್ತೆ ಸಂಬಂಧ ಇನ್ನೊಂದು ಮನ್ಯಾಗ ನಾ ನೀರು ಕೇಳಬಾರದ್ರೆಪಾ. ಅದೊಂದು ನಡಸಿಕೊಡ್ರಿ" ಅನ್ನುವರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಅವರಿಗೆ ಎದುರು ಮಾತಾಡುತ್ತಿದ್ದವರು ರಸ್ತೆಯ ಮಗ್ಗುಲಿನ ದೊಡ್ಡ ಹೊಲದ ಅಜ್ಜ. ಬಿಳಿ ಮೀಸೆ, ರುಮಾಲು, ಮಾತು ಕೊಡಲಿಯಂಥದ್ದು. "ರಸ್ತೆ ಆಗೂಕ್ಕಿಂತ ಮೊದಲ ಅದು ನಮ್ಮ ಹೊಲ. ನನ್ನ ಹೊಲದಾಗ ನನ್ನ ಗೋವಿನಜೋಳ ಹರವಾಕ ನಿನ್ನ ಅಪ್ಪಣಿ ಬೇಕೇನೋ ಹವಾಲ್ದಾರಾ?"

"ಹರವ್ರಿ ಅಜ್ಜಾರ. ನಾ ಎಲ್ಲಿ ಬ್ಯಾಡ ಅಂದೆ? ಕಾಳಿನ ಮ್ಯಾಲ ಗಾಡಿ ಹಾದ್ರ ಕಾಳು ಹೋಕ್ಕಾವ. ಕಲ್ಲಿನ ಮ್ಯಾಲ ಹಾದ್ರ ಮನಿಶ್ಯಾ ಹೋಕ್ಕಾನ. ಎರಡ್ರಾಗ ಯಾವುದು ತುಟ್ಟಿ, ನೀವ ಹೇಳ್ರಿ."

"ಕಲ್ಲ ಇಡಲಿಲ್ಲಂದ್ರ ಗಾಡಿಯಾವ್ರು ನನ್ನ ಜೋಳದ ಮ್ಯಾಲ ಕುಣಕೋತ ಹೋಗ್ತಾರ. ಅದಕ್ಕೇನ ಹೇಳ್ತಿ?"

ಬೇರೆ ಪೊಲೀಸರಾದರೆ ದಂಡ ಹಾಕುತ್ತಿದ್ದರು. ಇವರು ಮನೆಗೆ ಹೋಗಿ ಯೋಚಿಸಿ ಬಂದರು. ಜೋಳ ಒಕ್ಕಿದ ಮೇಲೆ ಉಳಿಯುವ ದಿಂಡು ಮತ್ತು ಹೊಟ್ಟನ್ನು ಹಳೆಯ ಗೊಬ್ಬರದ ಚೀಲಗಳಿಗೆ ತುಂಬಿ ಬಾಯಿ ಹೊಲಿದರೆ ದಿಂಬಿನಂತೆ ಆಗುತ್ತದೆ. ಕಲ್ಲಿನ ಬದಲು ಅವನ್ನು ಸಾಲಾಗಿಡುವುದು. ಗಾಡಿ ತಗುಲಿದರೂ ಚೀಲ ಉರುಳುತ್ತದೆ, ಮನುಷ್ಯ ಉರುಳುವುದಿಲ್ಲ. ಸ್ವಸಹಾಯ ಸಂಘದ ಹೆಂಗಸರೆಲ್ಲ ನಾವು ನನ್ನ ಗ್ರಂಥಾಲಯದ ಪಡಸಾಲೆಯಲ್ಲೇ ಕೂತು ಚೀಲ ಹೊಲಿದೆವು. ಬೆಳಕು ಬಿದ್ದರೆ ಮಿಂಚುವ ಕೆಂಪು ಪಟ್ಟಿಗಳನ್ನು ಹವಾಲ್ದಾರರು ಎಲ್ಲಿಂದಲೋ ತಂದುಕೊಟ್ಟರು. ಅವನ್ನೂ ಹಚ್ಚಿದೆವು. ಮೊದಲ ಚೀಲಗಳನ್ನು ಹೊತ್ತುಕೊಂಡು ಹೋಗಿ ಅಜ್ಜನ ಜೋಳದ ಸುತ್ತ ಇಟ್ಟವರು ಅವರೇ. ಹೊಟ್ಟಿನ ಧೂಳಿಗೆ ಅವರ ಕಣ್ಣು ಇನ್ನಷ್ಟು ಸುರಿಯುತ್ತಿದ್ದವು. ಅಜ್ಜ ನೋಡಿ, "ಅಳಬ್ಯಾಡೋ ಮಾರಾಯಾ, ಇಡ್ತೇನಿ ನಿನ್ನ ಚೀಲಾ" ಅಂದರು.

ಆ ಸುಗ್ಗಿ ಚೆನ್ನಾಗಿ ಹೋಯಿತು. ಮರುವರ್ಷದ ಸುಗ್ಗಿಯೂ ಚೆನ್ನಾಗಿ ಹೋಯಿತು. ಪಕ್ಕದ ಹಳ್ಳಿಯವರು ಬಂದು ಚೀಲ ನೋಡಿಕೊಂಡು ಹೋದರು. ಒಂದೆರಡು ಬೈಕುಗಳು ಚೀಲಕ್ಕೆ ತಗುಲಿ ಸವಾರರು ಮೈಕೈ ಕೊಡವಿಕೊಂಡು ಎದ್ದು ಹೋದದ್ದನ್ನು ಕಿಟಕಿಯಿಂದ ನಾನೇ ಕಂಡೆ. ಇದು ಮೊದಲೇ ಇದ್ದಿದ್ದರೆ ಎಂದು ಅನ್ನಿಸದೇ ಇರುತ್ತದೆಯೇ?

ಕಳೆದ ಸ್ವಾತಿ ಮಳೆಯಲ್ಲಿ ಆ ಕೆಟ್ಟ ದಿನ ಬಂತು. ರಸ್ತೆಯುದ್ದಕ್ಕೂ ಗೋವಿನಜೋಳ ಹರವಿತ್ತು. ಮಧ್ಯಾಹ್ನದ ಮೇಲೆ ಆಕಾಶ ಕಪ್ಪಾಗಿ ಗಾಳಿ ಎದ್ದಿತು. ಊರಿಗೆ ಊರೇ ಓಡಿತು. ಜೋಳವನ್ನು ಬಳಿದು ರಸ್ತೆಯ ಬದಿಗೆ ಗುಂಪಿ ಹಾಕಿ, ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿದರು. ಗಾಳಿಗೆ ತಾಡಪತ್ರಿ ಪಟಪಟ ಹಾರತೊಡಗಿತು. ಹೊಟ್ಟಿನ ಚೀಲ ಹೇರಿದರೆ ಚೀಲವೂ ಹಾರಿಹೋಯಿತು. ಭಾರ ಬೇಕಲ್ಲ! ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ತಂದು ಅಂಚಿನ ಮೇಲೆ ಸಾಲಾಗಿ ಹೇರಿದರು. ವರ್ಷದ ಬೆಳೆ ಕಣ್ಣೆದುರಿಗೆ ನೆನೆಯುತ್ತಿರುವಾಗ ಯಾರಿಗೆ ಏನು ನೆನಪಿರುತ್ತದೆ? ಮಳೆ ನಿಂತ ಮೇಲೆ ತೆಗೆದರಾಯಿತು ಎಂದು ಎಲ್ಲರೂ ಮನೆ ಸೇರಿದರು. ಅರ್ಧ ರಸ್ತೆ ಕಪ್ಪು ತಾಡಪತ್ರಿಯಾಗಿ, ಅದರ ಅಂಚಿಗೆ ಕಲ್ಲಿನ ಸಾಲು ಬಿದ್ದುಕೊಂಡಿತ್ತು.

ಹವಾಲ್ದಾರರಿಗೆ ಆವತ್ತು ಕೆಲಸ ಮುಗಿದಿತ್ತು. ಬ್ಯಾಡಗಿಯ ಮನೆಗೆ ಹೊರಟವರು ಆಕಾಶ ನೋಡಿ ಬೈಕು ತಿರುಗಿಸಿದರಂತೆ. ಇಂಥ ಮಳೆಯಲ್ಲಿ ನಮ್ಮ ಮಂದಿ ಏನು ಮಾಡುತ್ತಾರೆ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಗ್ರಂಥಾಲಯದ ಬಾಗಿಲು ಹಾಕಿ ಕಿಟಕಿಯಲ್ಲಿ ನಿಂತಿದ್ದೆ. ರೇನ್‌ಕೋಟು ಹಾಕಿಕೊಂಡ ಒಬ್ಬರು ದೂರದಲ್ಲಿ ಬಗ್ಗಿ ಬಗ್ಗಿ ಏಳುತ್ತಿರುವುದು ಮಳೆಯೊಳಗೆ ಮಸುಕಾಗಿ ಕಂಡಿತು. ಯಾರೋ ತಮ್ಮ ಜೋಳ ಸರಿಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಒಂದು ಸರಕಿನ ಗಾಡಿ ಬಂತು, ಬ್ರೇಕಿನ ಸಪ್ಪಳ ಕೇಳಿತು.

ನಾನು ಓಡಿದೆ. ಊರೂ ಓಡಿಬಂತು. ಗಾಡಿಯ ಹುಡುಗ ತಲೆಯ ಮೇಲೆ ಕೈಹೊತ್ತು ಮಳೆಯಲ್ಲೇ ಕೂತಿದ್ದ. "ಕಾಣಲಿಲ್ರೀ, ತಾಡಪತ್ರಿ ಅಂದಕೊಂಡೆ" ಎಂದು ಅದನ್ನೇ ಹೇಳುತ್ತಿದ್ದ. ಹವಾಲ್ದಾರರು ರಸ್ತೆಯ ಅಂಚಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಅವರು ಎತ್ತಿಟ್ಟ ಕಲ್ಲುಗಳು ಆಚೆ ಚರಂಡಿಯ ಪಕ್ಕಕ್ಕೆ ಒಪ್ಪವಾಗಿ ಸಾಲಾಗಿದ್ದವು. ಕೊನೆಯ ಕಲ್ಲು ಅವರ ಕೈಯ ಹತ್ತಿರವೇ ಇತ್ತು. ಮುಖದ ಮೇಲೆ ಮಳೆ ಹೊಡೆಯುತ್ತಿತ್ತು, ಆ ಕೆಂಪು ಕಣ್ಣು ಮುಚ್ಚಿದ್ದವು. ಆಂಬುಲೆನ್ಸು ಬಂತು, ಒಯ್ದರು. ದಾರಿಯಲ್ಲೇ ಹೋದರು ಎಂದು ಹಿಂದೆಯೇ ಸುದ್ದಿಯೂ ಬಂತು.

ಠಾಣೆಯಿಂದ ಒಬ್ಬರು ಅಧಿಕಾರಿಯೂ ಹೊಸದಾಗಿ ಸೇರಿದ್ದ ಒಬ್ಬ ಮಹಿಳಾ ಪೊಲೀಸೂ ಬಂದರು. ಆ ಹುಡುಗಿಗೆ ಕೆಲಸ ಕಲಿಸುತ್ತಿದ್ದವರು ಹವಾಲ್ದಾರರೇ. ಅಳು ನುಂಗಿಕೊಂಡು, ಊರ ಮಂದಿಯ ಮುಂದೆ ನಿಂತು ಕೇಳಿದಳು: "ಇವು ಯಾರ ಕಲ್ಲ್ರಿ?"

ಯಾರೂ ಮಾತಾಡಲಿಲ್ಲ. ನನಗೆ ಆ ಮೌನ ಗೊತ್ತಿತ್ತು. ಅದರ ಪರಿಚಯ ನನ್ನಷ್ಟು ಆ ಊರಲ್ಲಿ ಯಾರಿಗೂ ಇರಲಿಲ್ಲ. ಮೈಯೆಲ್ಲ ಬೆಂಕಿ ಬಿದ್ದಂತಾಗಿ, ಇವತ್ತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿಬಿಡುತ್ತೇನೆ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ದೊಡ್ಡ ಹೊಲದ ಅಜ್ಜ ಮುಂದೆ ಬಂದರು. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಬೋಳು ತಲೆಯ ಮೇಲೆ ಮಳೆ ಸುರಿಯುತ್ತಿತ್ತು. "ನನ್ನೂವ. ಬರಕೋಬೇ ತಂಗಿ. ಕಲ್ಲೂ ನನ್ನೂವ, ಜೋಳಾನೂ ನಂದ. ನಾನ ಕೈಯಾರೆ ಹೇರೇನಿ" ಅಂದರು. ಹಿಂದಿನಿಂದ ಅವರ ಮಗ ತೋಳು ಹಿಡಿದು ಜಗ್ಗಿದ. "ಬಿಡಲೇ, ಅವಾ ನಮ್ಮ ಮುಂದ ಅಳಕೋತ ಹೇಳಿದ್ದಾ" ಎಂದು ಕೈ ಕೊಡವಿದರು.

ಅಜ್ಜನ ಮೇಲೆ ಕೇಸಾಯಿತು. ಅವರು ಹಾವೇರಿಯ ಕೋರ್ಟಿಗೆ ತಿರುಗುತ್ತಿದ್ದಾರೆ, ಬೇಸರ ಮಾಡಿಕೊಂಡಿಲ್ಲ. ಒಮ್ಮೆ ಗ್ರಂಥಾಲಯಕ್ಕೆ ಬಂದು ಬಹಳ ಹೊತ್ತು ಪೇಪರು ತಿರುವುತ್ತ ಕೂತಿದ್ದರು. ನನ್ನ ಗಂಡನ ಮಾತು ಎತ್ತುತ್ತಾರೇನೋ ಎಂದು ಕಾದೆ. ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ಹುರುಳಿಯ ಕಲ್ಲುಗಳಿಗೆ ಇನ್ನೂ ಒಡೆಯರು ಸಿಕ್ಕಿಲ್ಲ. ಈಗ ರಸ್ತೆಯ ಮೇಲೆ ನಮ್ಮೂರಿನವರು ಯಾರೂ ಕಾಳು ಹರವುವುದಿಲ್ಲ. ಶಾಲೆಯ ಬಯಲು, ಗುಡಿಯ ಬಯಲು ಸಾಲದಿದ್ದರೆ ಹೊಲದಲ್ಲೇ ನೆಲ ಸಾರಿಸಿಕೊಳ್ಳುತ್ತಾರೆ. ಬೀಟಿನ ಸಭೆಗೆ ಆ ಹುಡುಗಿ ಬರುತ್ತಾಳೆ, ನಾನು ಚಹಾ ಮಾಡುತ್ತೇನೆ. ಅವರ ಕುರ್ಚಿಯಲ್ಲಿ ಮೊದಲ ಸಭೆಯಲ್ಲಿ ಯಾರೂ ಕೂಡಲಿಲ್ಲ. ನಾನೇ ಆ ಹುಡುಗಿಯನ್ನು ಗದರಿಸಿ ಕೂಡಿಸಿದೆ.

ಆ ಸಂಜೆಯ ಒಂದು ಮಾತು ಹೇಳದೆ ಬಿಟ್ಟಿದ್ದೇನೆ. ಹೇಳಲು ಮನಸ್ಸು ಹಿಂದೆ ಮುಂದೆ ನೋಡುತ್ತಿತ್ತು.

ಅಜ್ಜನ ಮಾತು ಬರೆದುಕೊಂಡ ಮೇಲೆ ಆ ಅಧಿಕಾರಿ ಹವಾಲ್ದಾರರ ಮನೆಗೆ ತಿಳಿಸಲು ಫೋನು ತೆಗೆದರು. ನಾನು ಅವರ ಕೈ ಹಿಡಿದೇ ಬಿಟ್ಟೆ. "ಫೋನ್ ಬ್ಯಾಡ್ರಿ ಸಾಹೇಬ್ರ. ಅವ್ರು ಯಾರಿಗೂ ಎಂದೂ ಫೋನಿನ್ಯಾಗ ಹೇಳಿಲ್ಲ" ಅಂದೆ. ಅವರು ನನ್ನ ಮುಖ ನೋಡಿ, ಆ ಹುಡುಗಿಯನ್ನು ನೋಡಿ, ಫೋನು ಜೇಬಿಗೆ ಹಾಕಿಕೊಂಡರು. ಹುಡುಗಿಯೂ ನಾನೂ ಜೀಪಿನಲ್ಲಿ ಬ್ಯಾಡಗಿಗೆ ಹೋದೆವು. ದಾರಿಯಲ್ಲಿ ಆಕೆ, "ಅಕ್ಕಾರ, ನನಗ ಹೇಳಾಕ ಬರಂಗಿಲ್ರೀ" ಎಂದು ನನ್ನ ಕೈ ಹಿಡಿದುಕೊಂಡಳು. ನನಗೆ ಮಾತ್ರ ಬರುತ್ತಿತ್ತೇ? ಕೇಳಿಸಿಕೊಂಡು ಗೊತ್ತಿತ್ತು, ಹೇಳಿ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತು. ಮಳೆ ನಿಂತಿತ್ತು. ಅವರ ಹೆಂಡತಿ ಬಾಗಿಲು ತೆರೆದು ನನ್ನನ್ನು ನೋಡಿ ನಕ್ಕರು. "ಬರ್ರಿ, ಬರ್ರಿ. ಎಷ್ಟು ತೊಯ್ಸಿಕೊಂಡೀರಿ! ಅವ್ರು ಇನ್ನ ಬಂದಿಲ್ಲ ನೋಡ್ರಿ, ಬರೂ ಹೊತ್ತಾತು. ಕುಂದ್ರಿ, ಲಗೂನ ಚಹಾ ಇಡ್ತೇನಿ" ಎಂದು ಒಳಗೆ ತಿರುಗಿದರು.

ಮೆಣಸಿನಕಾಯಿ ಅಂಗಳ, ನೀಲಿ ಚೌಕಳಿಯ ಕರವಸ್ತ್ರ, ಇದೊಂದು ನನ್ನ ಮಾತು ನಡಸ್ರಿ ಎಂದ ಆ ದನಿ ಎಲ್ಲ ಒಮ್ಮೆಲೇ ನೆನಪಿಗೆ ಬಂದವು. ಹೇಗೋ ಹೇಳಿದೆ: "ಚಹಾ ಬ್ಯಾಡ್ರಿ ವೈನಿ. ಒಂದ್ ತಂಬಿಗಿ ನೀರು ಕೊಡ್ರಿ."

ಅವರು ನಿಂತರು. ನಮ್ಮ ಕಡೆ ತಿರುಗಲಿಲ್ಲ. ಒಂದು ಕೈಯಿಂದ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಒಳಗೆ ಹೋದರು. ಕೊಡದಿಂದ ನೀರು ಮೊಗೆಯುವ ಸಪ್ಪಳ ಕೇಳಿಸಿತು.

ತಂಬಿಗೆ ತಂದರು. ನನಗೆ ಕೊಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೆ ಕೂತು ತಾವೇ ಕುಡಿದರು. ಅವಸರ ಮಾಡದೆ, ಪೂರ್ತಿ ಕುಡಿದು, ತಂಬಿಗೆಯನ್ನು ಪಕ್ಕಕ್ಕೆ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಅವರೆದುರು ನೆಲದ ಮೇಲೆ ಕೂತೆ.

"ಹೂಂ, ಕುಡದೆ" ಅಂದರು. "ಈಗ ಹೇಳ್ರಿ ತಂಗಿ."